ಕಾಫಿ ಹಣ್ಣು ಕುಯ್ಯಲು ಹೊರಟಿದ್ದೇನೆ

ರೀ,

ಪಕ್ಕದ ಮನೆ ರುದ್ರಮ್ಮನ ಜೊತೆ ತೋಟಕ್ಕೆ ಕಾಫಿ ಹಣ್ಣು ಕುಯ್ಯಲು ಹೊರಟಿದ್ದೇನೆ. ಎಬ್ಬಿಸಿ ಹೇಳಿದ್ದರೆ ನೀವು ಬಿಡುತ್ತಿರಲಿಲ್ಲ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಮುಚ್ಚಿಟ್ಟಿದ್ದೇನೆ. ನೀಲ ಶಾಲೆಗೆ ಹೋಗುವ ಮೊದಲು ಅವಳ ಜೊತೆ ಕೂತು ತಿನ್ನಿ. ಹಂಡೆಯಲ್ಲಿ ಬಿಸಿನೀರಿದೆ, ಗಡ್ಡ ಹೆರೆದುಕೊಳ್ಳಿ.

ಮೆಣಸಿನ ಬೆಲೆ ಬಿದ್ದು ಮಂಡಿ ಮುಚ್ಚಿದ್ದು ನಿಮ್ಮ ತಪ್ಪಲ್ಲ. ಸುಂಟಿಕೊಪ್ಪದಲ್ಲಿ ಕೆಲಸ ಹೋದ ಗುಮಾಸ್ತರು ನೀವೊಬ್ಬರೇ ಅಲ್ಲ. ಆದರೂ ನಾಲ್ಕು ತಿಂಗಳಿಂದ ಹಗಲೆಲ್ಲ ಗೋಡೆ ಕಡೆ ತಿರುಗಿ ಮಲಗುತ್ತೀರಿ. ಮೊನ್ನೆ ಶಾಂತಪ್ಪನವರ ಮೊಮ್ಮಗನ ನಾಮಕರಣದಲ್ಲಿ ಯಾರೋ "ಈಗೆಲ್ಲಿ ಕೆಲ್ಸ?" ಅಂದರೆಂದು ಎಲೆಯ ಮುಂದಿನಿಂದ ಎದ್ದು ಬಂದಿರಿ. ಮನೆಗೆ ಬಂದು, ಸ್ಲೇಟು ಒಡೆದಳೆಂದು ಮಗುವಿಗೆ ಹೊಡೆದಿರಿ. ಎಂಟು ವರ್ಷದಲ್ಲಿ ಅದೇ ಮೊದಲು. ಮಲಗುವಾಗ ಅವಳು, "ಅಪ್ಪಂಗೆ ನಾನು ಬೇಡ್ವೇನವ್ವ?" ಅಂತ ಕೇಳಿದಳು. ಇವತ್ತು ಅದಕ್ಕೆ ಉತ್ತರ ನೀವೇ ಅವಳಿಗೆ ಹೇಳಿ.

ಗುಮಾಸ್ತರ ಹೆಂಡತಿ ಕೂಲಿಗೆ ಹೋದಳು ಅಂತ ಊರು ಆಡಿಕೊಳ್ಳುತ್ತದೆ, ಗೊತ್ತು. ನಿನ್ನೆ ರುದ್ರಮ್ಮನೂ ಕೇಳಿದಳು, "ನಿಮ್ಮೆಜಮಾನ್ರು ಏನಂತಾರೆ ಕಣಕ್ಕ?"

"ಅವ್ರೇ ಕಳಿಸ್ತಿರೋದು" ಅಂದೆ. ಸುಳ್ಳು ಹೇಳಿದ್ದಕ್ಕೆ ಬಯ್ಯಬೇಡಿ. ದುಡಿಯಲು ನನಗೇನೂ ನಾಚಿಕೆಯಿಲ್ಲ. ನೀವು ಹೀಗೆ ದಿನದಿನಕ್ಕೆ ಕುಗ್ಗುವುದನ್ನು ಮಾತ್ರ ನೋಡಲಾರೆ.

ಸಂಜೆ ಐದಕ್ಕೆ ಕೆಲಸ ಬಿಡುತ್ತಾರೆ. ನೀಲಳ ಕೈ ಹಿಡಿದುಕೊಂಡು ತೋಟದ ಗೇಟಿನ ತನಕ ಬನ್ನಿ. ಪೇಟೆಯ ನಡುವೆಯೇ ಮೂವರೂ ನಡೆದು ಮನೆಗೆ ಬರೋಣ, ನೋಡುವವರು ನೋಡಲಿ.

ನೀವು ಬರದಿದ್ದರೂ ನಾಳೆ ನಾನು ಹೋಗುವವಳೇ. ಆದರೆ ಬನ್ನಿ.