ಹೈಡ್ರಾ ಕತ್ತರಿಸಿದವಳು ನಾನು

ಮಾರ್ಚ್ ೧೪, ಮಂಗಳವಾರ

ನಾನು ಕೆಲಸ ಮಾಡುವ ಮೀನು ಸಾಕಣೆ ಕೇಂದ್ರದಲ್ಲಿ ಮೂರನೇ ತೊಟ್ಟಿಯ ಮೀನುಮರಿಗಳೆಲ್ಲ ಸತ್ತುಹೋದವು. ಗಾಜಿನ ತುಂಬ ಮರಿಗಳನ್ನು ಕುಟುಕಿ ತಿನ್ನುವ ಪುಟ್ಟ ನೀರುಜೀವಿ ಹೈಡ್ರಾ, ದಾರದ ಚೂರುಗಳ ಹಾಗೆ ಅಂಟಿಕೊಂಡು ಆಡುತ್ತಿವೆ.

ಹದಿನೈದು ದಿನದ ಹಿಂದೆ ಅಲ್ಲಿ ನಾಲ್ಕೋ ಐದೋ ಇದ್ದವು. ಮಾಲೀಕರಿಗೆ ಹೇಳಿದರೆ ತೊಟ್ಟಿ ಪೂರ್ತಿ ಖಾಲಿ ಮಾಡಿಸುತ್ತಾರೆಂದು, ಸೋಮಾರಿತನಕ್ಕೆ ನಾನೇ ಬ್ಲೇಡಿನಿಂದ ನೀರೊಳಗೇ ಚೂರುಚೂರು ಮಾಡಿದ್ದೆ. ಪೀಡೆ ತೊಲಗಿತು ಅಂದುಕೊಂಡಿದ್ದೆ.

"ಇದಕ್ಕೆ ಗಂಡೂ ಬೇಡ ಹೆಣ್ಣೂ ಬೇಡ" ಎಂದರು ಮಾಲೀಕರು ಇವತ್ತು. "ಮೈಯಲ್ಲೇ ಮೊಗ್ಗು ಬಿಟ್ಟು ಮರಿ ಮಾಡುತ್ತೆ. ಕತ್ತರಿಸಿದ್ರೂ ಸಾಯಲ್ಲ, ತುಂಡಿಗೊಂದು ಬೆಳೆಯುತ್ತೆ."

ಆಮೇಲೆ ನನ್ನ ನಾದಿನಿಯ ಕಡೆ ತಿರುಗಿದರು. "ಬಲೆ ತೊಳೀದೆ ತೊಟ್ಟಿಯಿಂದ ತೊಟ್ಟಿಗೆ ಅದ್ದಿದೀಯ. ನಾಳೆಯಿಂದ ಬರಬೇಡ."

ನಾನು ಪಕ್ಕದಲ್ಲೇ ಸತ್ತ ಮರಿಗಳನ್ನು ಸೋಸುತ್ತಿದ್ದೆ. ತುಟಿ ಪಿಟಕ್ ಅನ್ನಲಿಲ್ಲ. ಅವಳನ್ನು ಆ ಕೆಲಸಕ್ಕೆ ಸೇರಿಸಿದವಳೂ ನಾನೇ.

ಸಂಜೆ ಅವಳು ನನ್ನ ಜೊತೆಗೇ ನಡೆದು ಬಂದಳು. ಮನೆ ಬಾಗಿಲಲ್ಲಿ ನಿಂತು ಕೇಳಿದಳು, "ಅತ್ತಿಗೆ, ನಾನು ದಿನಾ ಬಲೆ ತೊಳೀತಿದ್ದೆ. ನೀವು ನೋಡಿದೀರಲ್ಲ?"

"ಸರಿಯಾಗಿ ನೆನಪಿಲ್ಲ ಕಣೆ" ಅಂದೆ.

ನೋಡಿದ್ದೆ. ದಿನಾ ನೋಡಿದ್ದೆ.

ನಾಳೆ ಒಂದು ಹೈಡ್ರಾವೂ ಉಳಿಯದ ಹಾಗೆ ಆ ತೊಟ್ಟಿ ಉಜ್ಜುವ ಕೆಲಸವನ್ನು ಮಾಲೀಕರು ನನಗೇ ಒಪ್ಪಿಸಿದ್ದಾರೆ. ನಂಬಿಕೆಯವಳು ಅಂತ.