ಹಗ್ಗದ ಒಳತುದಿ

ಮನೆ, ಮಹಡಿಯ ಮುಂದಿನ ಕೋಣೆ
ತಾ. ೧೪, ಬುಧವಾರ, ಊಟವಾದ ಮೇಲೆ

ನಮ್ಮ ಮನೆಯವರಿಗೆ,

ನಮಸ್ಕಾರ. ‘ನಮ್ಮ ಮನೆ’ ಎಂಬುದನ್ನು ಒತ್ತಿ ಬರೆದಿದ್ದೇನೆ, ಗಮನಿಸಿ. ನಿಮ್ಮ ಮಂಡಿ ಹೇಗಿದೆ? ಎಣ್ಣೆ ಸೀಸೆಯನ್ನು ಚೀಲದ ಪಕ್ಕದ ಜೇಬಿನಲ್ಲಿ ಇಟ್ಟಿದ್ದೆ. ಹಚ್ಚಿಕೊಳ್ಳುತ್ತಿದ್ದೀರೋ, ಅಥವಾ ಅಲ್ಲಿ ಅದಕ್ಕಿಂತ ಒಳ್ಳೆಯ ಎಣ್ಣೆ ಸಿಕ್ಕಿದೆಯೋ? ಕೆಮ್ಮು ಇಳಿಯಿತೇ? ತಣ್ಣೀರು ಕುಡಿಯಬೇಡಿ ಎಂದರೆ ನನ್ನ ಮಾತು ಕೇಳುವುದಿಲ್ಲ, ನಿಮ್ಮ ಅಕ್ಕ ಹೇಳಿದರೆ ಕೇಳುತ್ತೀರಿ, ಅವರ ಕೈಯಲ್ಲೇ ಹೇಳಿಸಿಕೊಳ್ಳಿ. ನಾನು ಗಟ್ಟಿಯಾಗಿದ್ದೇನೆ. ನನಗೇನು ಬಂದಿದೆ ಧಾಡಿ, ಯಾರ ಮನೆಯ ಕಿಟಕಿಗೂ ನಾನು ನೇತಾಡುತ್ತಿಲ್ಲವಲ್ಲ.

ಫೋನು ಇರುವಾಗ ಪತ್ರ ಯಾಕೆ ಎನ್ನುತ್ತೀರಿ. ಫೋನು ಮಾಡಿದರೆ ಎತ್ತುವುದು ನಿಮ್ಮ ಅಕ್ಕ. ಎತ್ತಿದವರು ಸ್ಪೀಕರ್ ಹಾಕುತ್ತಾರೆ. ಆಮೇಲೆ ನಾನು ಗಂಡನಿಗೆ ಹೇಳುವ ಮಾತನ್ನು ಅವರ ಅಡುಗೆಮನೆಯ ಪಾತ್ರೆಗಳೂ ಕೇಳಬೇಕು. ಅದಕ್ಕೇ ಬರೆಯಲು ಕೂತೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದೇ ಇಲ್ಲ, ಬೆರಳು ಈಗಲೇ ನೋಯುತ್ತಿದೆ. ಅದೂ ನಿಮ್ಮ ಲೆಕ್ಕಕ್ಕೇ.

ಅಕ್ಕನ ಮನೆಯ ಮುಂದಿನ ಕಿಟಕಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿ ಎರಡು ದಿನದಲ್ಲಿ ಬಂದೆ ಎಂದು ಹೋದವರು ನೀವು. ಮುಂದಿನದು ಮುಗಿಯಿತು, ಹಿಂದಿನದು ಶುರುವಾಯಿತು. ಹಿಂದಿನದು ಮುಗಿಯಿತು, ಬಚ್ಚಲಮನೆಯ ಗಾಜು ನೆನಪಾಯಿತು. ಅಲ್ಲ, ಬಚ್ಚಲಮನೆಗೆ ಎಂಥ ಬಿಸಿಲು? ಅಲ್ಲಿ ಬೆವರುವುದಾದರೂ ಯಾರು? ಆ ಮನೆಗೆ ಗೋಡೆ ಇದೆಯೋ, ಬರೀ ಕಿಟಕಿಗಳನ್ನೇ ಜೋಡಿಸಿ ಕಟ್ಟಿದ್ದಾರೋ, ಈ ಸಲ ಬಂದಾಗ ಹೇಳಿ. ಇಲ್ಲಿ ನಮ್ಮ ಪಡುವಣ ಕಿಟಕಿಯ ಬಿಸಿಲು ಮಧ್ಯಾಹ್ನ ತಿರುಗಿದರೆ ಸಾಕು, ಹೊಲಿಗೆ ಯಂತ್ರದ ಚಕ್ರ ಮುಟ್ಟುವ ಹಾಗಿಲ್ಲ. ಒಲೆಯ ಮೇಲಿಂದ ಇಳಿಸಿದ ಹಾಗೆ ಸುಡುತ್ತದೆ. ಶಾಲೆ ಮಕ್ಕಳ ಸಮವಸ್ತ್ರಕ್ಕೆಂದು ಕತ್ತರಿಸಿಟ್ಟ ನೀಲಿ ಬಟ್ಟೆ ಮಡಿಕೆಯ ಮೇಲ್ಭಾಗದಲ್ಲಿ ಬಣ್ಣ ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿದೆ. ಕೆಳಗಿನ ಅಂಗಡಿಯ ಕ್ಷೌರಿಕ ಮೆಟ್ಟಿಲ ಮೇಲೆ ಸಿಕ್ಕವನು ಕೇಳುತ್ತಾನೆ, “ಏನಮ್ಮಾ, ಊರಿನ ಗಾಜಿಗೆಲ್ಲ ನೆರಳು ಅಂಟಿಸೋ ಯಜಮಾನರ ಮನೇಲೇ ಈ ಪಾಟಿ ಬಿಸಿಲಾ?” ಅವನಿಗೆ ಏನು ಹೇಳಲಿ? ನೆರಳೆಲ್ಲ ಅಕ್ಕನ ಮನೆಗೆ ಹೋಗಿದೆ, ಉಳಿದರೆ ನಮಗೆ ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಈಗ ಹೊಟ್ಟೆಯಲ್ಲಿರುವುದನ್ನು ಹೇಳಿಬಿಡುತ್ತೇನೆ. ಹೋದ ವಾರ ಫೋನಿನಲ್ಲಿ ನೀವು ಒಂದು ಮಾತು ಅಂದಿರಿ. “ಅಕ್ಕನ ಕಣ್ಣು ಸೂಕ್ಷ್ಮ ಕಣೇ. ಒಂದು ಗುಳ್ಳೆ ತಪ್ಪಿಸಿಕೊಳ್ಳಲ್ಲ.” ಅಂದಿರೋ ಇಲ್ಲವೋ? ನೀವು ಹೊರಗೆ ಕಿಟಕಿಯ ದಂಡೆಯ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಲ್ಲುವುದು, ನಾನು ಹಗ್ಗದ ತುದಿಯನ್ನು ಮಂಚದ ಕಾಲಿಗೆ ಎರಡು ಸುತ್ತು ಸುತ್ತಿ ಒಳಗೆ ಹಿಡಿದು ಕೂರುವುದು, ಗಾಳಿಗುಳ್ಳೆ ಕಂಡಲ್ಲಿ ಚಮಚದ ಹಿಡಿಯಿಂದ ಟಕ್ಕೆಂದು ತಟ್ಟುವುದು, ನೀವು ಆ ಕಡೆಯಿಂದ ಅಲ್ಲಿಗೇ ರಬ್ಬರ್ ಪಟ್ಟಿ ಎಳೆಯುವುದು. ಗುಳ್ಳೆ ಕಾಣುವುದು ಒಳಗಿರುವವರಿಗೆ, ಬೆಳಕಿಗೆ ಎದುರಾಗಿ. ಇದು ನಮ್ಮಿಬ್ಬರ ಕೆಲಸ. ಮದುವೆಯಾದ ಹೊಸತರಲ್ಲಿ ನೀವೇ ಕಲಿಸಿದ್ದು. ಗಾಜಿನ ಆ ಕಡೆ ನೀವು, ಈ ಕಡೆ ನಾನು, ಮಾತಿಲ್ಲ ಕತೆಯಿಲ್ಲ, ಬರೀ ಟಕ್ ಟಕ್. ಆ ಹಗ್ಗ ಸೊಂಟಕ್ಕೆ ಒತ್ತಬಾರದೆಂದು ನನ್ನ ಹಳೆಯ ಚಾದರ ಹರಿದು ಸುತ್ತಿ ಹೊಲಿದವಳೂ ನಾನು. ಈಗ ಅದನ್ನು ಅವರು ಹಿಡಿದು ಕೂತಿದ್ದಾರೆ. ಯಾವ ಚಮಚದಲ್ಲಿ ತಟ್ಟುತ್ತಾರೆ? ಬೆಳ್ಳಿಯದೇ?

ಹೊಟ್ಟೆಕಿಚ್ಚು ಅನ್ನಿ. ಹೌದು, ಹೊಟ್ಟೆಕಿಚ್ಚೇ. ಈ ವಯಸ್ಸಿನಲ್ಲಿ ನಾಚಿಕೆ ಪಟ್ಟು ಮಾಡುವುದೇನಿದೆ. ಬೇರೆ ಯಾವಳೋ ಆಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನಿಮ್ಮನ್ನು ಎತ್ತಿ ಆಡಿಸಿದವರ ಜೊತೆ ಏನೆಂದು ಜಗಳ ಆಡಲಿ?

ಅದೇ ದಿನ ನೀವು ಕೇಳಿದಿರಿ, ನಮ್ಮ ಕಿಟಕಿಗೆ ಒಳಗೆ ಹಚ್ಚುವ ಫಿಲ್ಮ್ ತರಲೋ ಹೊರಗೆ ಹಚ್ಚುವುದೋ, ಎರಡೂ ಬೇರೆ ಬೇರೆ ಸುರುಳಿ, ಅಂಗಡಿ ಇಲ್ಲೇ ಹತ್ತಿರದಲ್ಲಿದೆ ಎಂದು. ನಾನು ಬಾಯಿ ತೆರೆಯುವ ಮೊದಲೇ ಸ್ಪೀಕರಿನಲ್ಲಿ ಅಕ್ಕನ ಉತ್ತರ ಬಂತು. “ಒಳಗೇ ಹಚ್ಚಿಸ್ಕೊಳೇ. ಮಳೆ ಇಲ್ಲ, ಧೂಳಿಲ್ಲ, ವರ್ಷಗಟ್ಟಲೆ ಬಾಳುತ್ತೆ. ಈ ವಯಸ್ಸಲ್ಲಿ ಅವನನ್ನ ಹೊರಗೆ ನೇತುಹಾಕ್ತೀಯಾ?” ಆಹಾ. ತಮ್ಮ ಕಿಟಕಿಗೆ ನೇತುಹಾಕುವಾಗ ತಮ್ಮನ ವಯಸ್ಸು ಎಲ್ಲಿಗೆ ಹೋಗಿತ್ತು? ತಮ್ಮ ಮನೆಗೆ ಹೊರಗಿನದು, ಬಿಸಿಲನ್ನು ಗಾಜಿನ ಹೊಸ್ತಿಲಲ್ಲೇ ತಡೆದು ಕಳಿಸುವಂಥದ್ದು. ನಮಗೆ ಒಳಗಿನದು. ನೀವಾದರೂ ಬಾಯಿ ಬಿಡಬೇಕಿತ್ತು. ನಮ್ಮ ಗಾಜಿನ ಕೆಳಮೂಲೆ ಚಕ್ಕೆ ಎದ್ದಿದೆ, ಅಂಥ ಗಾಜಿಗೆ ಒಳಗೆ ಹಚ್ಚಿದರೆ ಬಿಸಿ ಗಾಜಿನಲ್ಲೇ ನಿಂತು ಬಿರುಕು ಬಿಡುತ್ತದೆ ಎಂದು ನನಗೆ ಹೇಳಿದವರು ನೀವೇ. ಅಕ್ಕನ ಮುಂದೆ “ಹೂಂ” ಎಂದಿರಿ.

ಆ “ಹೂಂ” ಕೇಳಿದ್ದೇ ಫೋನು ಇಟ್ಟುಬಿಟ್ಟೆ. ಯಾಕೆಂದರೆ ಒಳಗೆ ಹಚ್ಚುವುದಾದರೆ ನೀವು ಒಬ್ಬರೇ ಸ್ಟೂಲು ಹಾಕಿಕೊಂಡು ಮುಗಿಸುತ್ತೀರಿ. ಹಗ್ಗ ಬೇಡ, ಚಮಚ ಬೇಡ, ನಾನೂ ಬೇಡ. ಹೊರಗೇ ಆಗಬೇಕೆಂದು ಹಟ ಹಿಡಿಯೋಣವೆಂದರೆ, ನಿಜ ಹೇಳುತ್ತೇನೆ, ನನ್ನ ಕೈಗೆ ಮೊದಲಿನ ಬಿಗಿ ಇಲ್ಲ. ಮೊನ್ನೆ ನೀರಿನ ಕೊಡ ಜಾರಿತು. ಕೊಡ ಜಾರಿದರೆ ಒರೆಸಬಹುದು. ಈ ಮಾತನ್ನು ನಿಮ್ಮ ಅಕ್ಕನ ಸ್ಪೀಕರಿಗೆ ಹೇಳುವುದಕ್ಕೆ ನನ್ನಿಂದ ಆಗಲಿಲ್ಲ.

ಇರಲಿ. ಅವರಿಗೂ ನನ್ನ ನಮಸ್ಕಾರ ತಿಳಿಸಿ, ದೊಡ್ಡವರು. ಬಚ್ಚಲಮನೆಯ ಗಾಜು ಚೆನ್ನಾಗಿ ಬಂದಿರಲಿ. ನಿಮ್ಮ ಹಳದಿ ಅಂಗಿಗೆ ಗುಂಡಿ ಹಾಕಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮೈ ಕಡೆ ನಿಗಾ ಇರಲಿ.

ಇತಿ,
ಈ ಕಡೆ ಕೂತಿರುವ
ನಿಮ್ಮವಳು

ತಾ.ಕ.: ಅಂಚೆಗೆ ಹಾಕುವ ಹೊತ್ತಾಯಿತು, ಬೇಗ ಹೇಳುತ್ತೇನೆ, ಕೂಗಾಡಬೇಡಿ. ಮೇಲೆ ಬರೆದ ಬಿಸಿಲು ಮೊನ್ನೆಯವರೆಗಿನದು. ಅಟ್ಟದ ಮೇಲೆ ಉಳಿದಿದ್ದ ಕಪ್ಪು ಸುರುಳಿಯನ್ನು ಭಾನುವಾರ ನಾನೇ ಕತ್ತರಿಸಿ ಒಳಗಡೆ ಅಂಟಿಸಿದೆ. ನೀವು ಬರುವಷ್ಟರಲ್ಲಿ ಈ ಮನೆಯಲ್ಲಿ ಕಿಟಕಿಯ ಮಾತೇ ಇರಬಾರದು, ಯಾರ ಸಲಹೆಯೂ ಬೇಕಾಗಬಾರದು ಎಂಬ ಸಿಟ್ಟು. ಮೂಲೆಯ ಚಕ್ಕೆ ನೆನಪಿತ್ತು, ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ತುಂಬ ಗುಳ್ಳೆ, ರಸ್ತೆಯೇ ಕುದಿಯುತ್ತಿರುವ ಹಾಗೆ ಕಾಣುತ್ತಿತ್ತು. ಸೋಮವಾರ ಬಿಸಿಲು ತಿರುಗಿದ್ದೇ ತಡ, ಆ ಮೂಲೆಯಿಂದ ಮೇಲಿನವರೆಗೂ ಗಾಜು ಸೀಳಿತು. ನನಗೇನೂ ತಾಗಿಲ್ಲ. ಕ್ಷೌರಿಕ ಬಂದು ಗಾಜು ಬಿಚ್ಚಿ ರಟ್ಟು ಹೊಡೆದುಕೊಟ್ಟ. ಈಗ ಬಿಸಿಲಿಲ್ಲ, ಆದರೆ ರಸ್ತೆಯಲ್ಲಿ ಯಾರು ಬಂದರೂ ಕಾಣುವುದಿಲ್ಲ.

ಹಾಗಾಗಿ ಹೊರಗೆ ಹಚ್ಚುವ ಸುರುಳಿಯನ್ನೇ ತನ್ನಿ, ಜೊತೆಗೆ ಹೊಸ ಗಾಜು. ಲಕೋಟೆಯಲ್ಲಿ ಗಾಜಿನ ಅಳತೆಗೆ ಎರಡು ದಾರ ಇಟ್ಟಿದ್ದೇನೆ, ಗಂಟು ಇರುವುದು ಎತ್ತರ, ಇಲ್ಲದ್ದು ಅಗಲ. ಕೂರಿಸುವ ಮೊದಲೇ ಗಾಜನ್ನು ಮಂಚದ ಮೇಲೆ ಮಲಗಿಸಿ ಹೊರಮೈಗೆ ಅಂಟಿಸಿಬಿಡೋಣ. ಯಾರೂ ನೇತಾಡಬೇಕಾಗಿಲ್ಲ, ನಾನು ಹಗ್ಗ ಹಿಡಿದು ನಡುಗಬೇಕಾಗಿಲ್ಲ. ಗುಳ್ಳೆ ನಾನು ತೋರಿಸುತ್ತೇನೆ, ನೀವು ಎಳೆಯಿರಿ. ಆಮೇಲೆ ಒಳಗಿನಿಂದಲೇ ಎತ್ತಿ ಚೌಕಟ್ಟಿಗೆ ಇಡುವಾಗ ಅಂಚು ಹಿಡಿದು ಆ ಕಡೆ ನೀವು, ಈ ಕಡೆ ನಾನು.

ಹಗ್ಗ ಬೇಡ ಎಂದೆನೆಂದು ಅಲ್ಲಿಯೇ ಬಿಟ್ಟು ಬರಬೇಡಿ. ಅದು ನನ್ನ ಚಾದರ.