ಕಿವಿ ಚುಚ್ಚಿಸಿದ ಮಡಿಲು

ಅಲ್ಲ, ತಪ್ಪಾಯ್ತು, ಫೋನಿನಲ್ಲಿ ಮತ್ತೆ ಮೊದಲಿಂದ ಹೇಳುತ್ತೇನೆ. ಇವತ್ತು ಮಂಗಳವಾರ. ತಂಗಿಯ ಮಗಳು ಇನಿಯಾಳ ಹೃದಯದಲ್ಲಿ ಹುಟ್ಟಿನಿಂದ ಇರುವ ತೂತಿಗೆ ಗಟ್ಟಿ ಅಂಚೇ ಇಲ್ಲವಂತೆ. ತೊಡೆಯ ರಕ್ತನಾಳದಿಂದ ಬಿಲ್ಲೆ ಕಳಿಸಿ ಮುಚ್ಚಿದರೆ ಅದು ನಿಲ್ಲುವುದಿಲ್ಲ, ಎದೆ ತೆರೆದೇ ಹೊಲಿಯಬೇಕು ಎಂದರು ಮಧುರೆಯ ಡಾಕ್ಟರು.

"ಎದೆ ಮೇಲೆ ಹೊಲಿಗೆ ಗುರುತಿದ್ರೆ ನಾಳೆ ಯಾರು ಕಟ್ಕೋತಾರೆ?" ಎಂದು ತಂಗಿಯ ಅತ್ತೆ ರಾಗ ಎಳೆದರು.

"ಬದುಕಿದ್ರೆ ತಾನೇ ಅಮ್ಮಾ ಮದುವೆ?" ಎಂದೆ.

"ನೀವು ಸುಮ್ನಿರಿ ಭಾವ, ಇದು ನಮ್ಮನೆ ವಿಷಯ" ಎಂದ ತಂಗಿಯ ಗಂಡ.

ಅವಳ ಕಿವಿ ಚುಚ್ಚಿಸುವ ದಿನ ಸೋದರಮಾವನ ಮಡಿಲೇ ಆಗಬೇಕೆಂದು ಇವರೇ ನನ್ನನ್ನು ಕರೆಸಿ ಕೂರಿಸಿದ್ದರು. ತೂತು ಮಾಡಿಸಲು ನಾನು ಬೇಕಿತ್ತು. ಮುಚ್ಚಿಸಲು ಬೇಡ.

"ಮಾಮಾ, ಮೆಟ್ಟಿಲು ಹತ್ತೋಕಾಗ್ತಿಲ್ಲ, ಬಂದು ಎತ್ಕೋ!"

ಇನಿಯಾ ಕೂಗುತ್ತಿದ್ದಾಳೆ. ಬಂದೆ ಕಂದಾ, ಅಲ್ಲೇ ಕೂತಿರು. ಫೋನ್ ಇಡುತ್ತೇನೆ.